ಇಪ್ಪತ್ತೊಂದು ಪಾಲು ಜಿಂಕ್

ನನ್ನದು ಅನುಮಾನದ ಬುದ್ಧಿ. ಹಾಲನ್ನು ಮೂಸದೆ ಕುಡಿದವನಲ್ಲ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಂಡವನಲ್ಲ. ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ನನ್ನ ಅಕ್ಕ ಕೊಟ್ಟದ್ದನ್ನು ಮಾತ್ರ ಕಣ್ಣು ಮುಚ್ಚಿಕೊಂಡು ತರುತ್ತಿದ್ದೆ. ಭಾವ ತೀರಿಕೊಂಡ ಮೇಲೆ ಅವಳೊಬ್ಬಳೇ ಅಂಗಡಿ ನಡೆಸುತ್ತಿದ್ದಳು. ಅವಳ ಮಾತು ನಂಬಿ ಸುತ್ತಲ ಹಳ್ಳಿಯವರು ಬರುತ್ತಿದ್ದರು.

ಆ ಸಲ ಹೆಮ್ಮಿಗೆಯ ನಮ್ಮ ಗದ್ದೆಯಲ್ಲಿ ನಾಟಿಯಾದ ಮೂರು ವಾರಕ್ಕೆ ಭತ್ತದ ಗರಿಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಿದ್ದವು. "ಜಿಂಕ್ ಕಮ್ಮಿ ಅದೆ ಕಣ್ಲಾ, ತಕ್ಕೊಂಡೋಗು" ಎಂದು ಅಕ್ಕ ಒಂದು ಚೀಲ ಕೊಟ್ಟಳು. ಮನೆಗೆ ಬಂದು ಯಾಕೋ ಚೀಲದ ಬೆನ್ನು ಓದಿದೆ. ಜಿಂಕ್ ನೂರಕ್ಕೆ ಇಪ್ಪತ್ತೊಂದು ಎಂದಿತ್ತು. ಹಾಗಾದರೆ ಮಿಕ್ಕ ಎಪ್ಪತ್ತೊಂಬತ್ತು ಏನು?

ಟಾರ್ಚಿನ ಸೆಲ್ಲಿನೊಳಗಿನ ತಗಡು ಜಿಂಕ್ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿತ್ತು. ಹಳೆಯ ಸೆಲ್ ಒಡೆದು ಒಂದು ಚೂರನ್ನು ಲೋಟದ ನೀರಿಗೆ ಹಾಕಿದೆ. ಇನ್ನೊಂದು ಲೋಟಕ್ಕೆ ಚೀಲದ ಬಿಳಿ ಹರಳು. ತಗಡು ಜಪ್ಪಯ್ಯ ಅಂದರೂ ಕರಗಲಿಲ್ಲ. ಹರಳು ಸಕ್ಕರೆಯ ಹಾಗೆ ಕರಗಿ ಮಾಯವಾಯಿತು. ಇದು ಜಿಂಕೇ ಅಲ್ಲ ಎಂದು ತೀರ್ಮಾನಿಸಿಬಿಟ್ಟೆ. ಒಡಹುಟ್ಟಿದವನಿಗೇ ಟೋಪಿ ಹಾಕಿದಳಲ್ಲ ಎಂದು ಮೈ ಉರಿಯಿತು.

ಬೆಳಿಗ್ಗೆ ಅಂಗಡಿಗೆ ಹೋದೆ. ಹೆಡತಲೆ ಊರಿನ ಇಬ್ಬರು ರೈತರು ಅಂಥದೇ ಚೀಲ ಹಿಡಿದು ನಿಂತಿದ್ದರು. ಅವರೆದುರಿಗೇ, "ಇದ್ರಲ್ಲಿ ಮುಕ್ಕಾಲು ಪಾಲು ಕಲಬೆರಕೆ ಅದೆ. ಎಷ್ಟು ವರ್ಷದಿಂದ ಇಂಗೆ ಮಾರ್ತಿದ್ದೀಯಕ್ಕ?" ಎಂದು ಕೇಳಿದೆ.

"ಏನ್ಲಾ ಅಂಗಂದ್ರೆ? ನನ್ ಮೇಲೇ ಅನುಮಾನ್ವಾ?" ಅಂದಳು.

ಹೌದು ಅಂದೆ. ಆ ಇಬ್ಬರೂ ಚೀಲಗಳನ್ನು ಕೆಳಗಿಟ್ಟು ಹೊರಟುಹೋದರು.

ದೂರು ಕೊಡಲೆಂದು ತಿ. ನರಸೀಪುರದ ಕೃಷಿ ಕಚೇರಿಗೆ ಹೋದೆ. ಅಲ್ಲಿದ್ದ ಸಣ್ಣ ವಯಸ್ಸಿನ ಅಧಿಕಾರಿ, ಹೆಣ್ಣುಮಗಳು, ನನ್ನ ಲೋಟದ ಪರೀಕ್ಷೆಯ ಕಥೆಯನ್ನೆಲ್ಲ ಕೇಳಿ ಚೀಲ ತಿರುಗಿಸಿ ನೋಡಿದರು. "ಯಜಮಾನ್ರೇ, ಎಲ್ರೂ ಜಿಂಕ್ ಜಿಂಕ್ ಅಂತಾರೆ. ಇದ್ರ ಹೆಸ್ರು ಜಿಂಕ್ ಸಲ್ಫೇಟು. ನಿಮ್ಮ ತಗಡು ಧಾತು, ಅದ್ರಲ್ಲಿ ಜಿಂಕ್ ಬಿಟ್ರೆ ಬೇರೇನಿಲ್ಲ. ಇದು ಸಂಯುಕ್ತ. ಜಿಂಕು, ಗಂಧಕ, ಆಮ್ಲಜನಕ ಕೂಡ್ಕೊಂಡು ಬೇರೆ ಪದಾರ್ಥಾನೇ ಆಗಿದೆ, ಹರಳೊಳಗೆ ನೀರೂ ಸೇರ್ಕೊಂಡಿದೆ. ಮಿಕ್ಕ ಪಾಲು ಅವೇ. ಹಿಂಗೆ ಕರಗಿದ್ರೇ ಬೇರಿಗೆ ಸಿಗೋದು."

ನಾನು ಬಿಡಲಿಲ್ಲ. ಇಷ್ಟೆಲ್ಲ ಸೇರಿದ ಮೇಲೆ ಕಲಬೆರಕೆ ತಾನೇ ಎಂದೆ.

"ಕಲಬೆರಕೆ ಆದ್ರೆ ಆರಿಸಿ ತೆಗೀಬೋದು. ಇದ್ರಲ್ಲಿ ಗಂಧಕ ಎಲ್ಲಿದೆ, ಆರಿಸಿ ಕೊಡಿ ನೋಡಣ" ಅಂದರು.

ಹರಳನ್ನು ಅಂಗೈಯಲ್ಲಿ ಹರಡಿಕೊಂಡೆ. ಎಲ್ಲವೂ ಒಂದೇ ಸಮ ಇದ್ದವು. ನಾಚಿಕೆಯಾಯಿತು. ಆಗಲೂ, ಇವರಿಗೂ ಅಕ್ಕನಿಗೂ ಪರಿಚಯ ಇದ್ದೀತೇ ಎಂದು ಒಂದು ಗಳಿಗೆ ಯೋಚಿಸಿದೆ. ಅಂಥ ಹಾಳು ಬುದ್ಧಿ ನನ್ನದು.

ಗದ್ದೆಗೆ ಅದನ್ನೇ ಹಾಕಿದೆ. ಹೊಸ ಗರಿಗಳು ಹಸಿರಾಗಿಯೇ ಬಂದವು. ತಪ್ಪಾಯಿತು ಅನ್ನಬೇಕೆಂದು, ಇನ್ನೊಂದು ಚೀಲ ಕೇಳುವ ನೆಪದಲ್ಲಿ ನಂಜನಗೂಡಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಚೀಲವನ್ನು ಮುಂದೆ ತಂದಿಟ್ಟು, ಕತ್ತರಿಯಿಂದ ಅದರ ಬಾಯಿ ಕತ್ತರಿಸಿದಳು. ಹುಟ್ಟಿದಾಗಿನಿಂದ ನನ್ನನ್ನು ಲೋ ಎಂದೇ ಕರೆದವಳು, ಮುಖ ನೋಡದೆ ಹೇಳಿದಳು: "ನೋಡ್ಕೊಂಡು ತಕ್ಕೊಳ್ಳಿ, ಸಾ."