ಸಿಟ್ಟಿಗೆ ಕೊಂಡ ಗಾಳಿ ಪಂಪು

ನನ್ನ ಕಾರಿನ ಡಿಕ್ಕಿಯಲ್ಲಿ ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪೊಂದಿದೆ. ನೋಡಿದವರು ಎಂಥ ಜಾಗ್ರತೆಯ ಹೆಂಗಸು ಎಂದು ಹೊಗಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಜಾಗ್ರತೆಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಗಂಡನ ಅಣ್ಣ, ಅಂದರೆ ಭಾವ, ನಾಲ್ಕು ಜನರ ಎದುರು ತಲೆ ತಗ್ಗಿಸಬೇಕು ಎಂಬ ಒಂದೇ ಉದ್ದೇಶದಿಂದ ಅದನ್ನು ಕೊಂಡೆ. ಅವರು ತಗ್ಗಿಸಿಯೂ ಆಯಿತು. ಅದಕ್ಕಾಗಿ ನನಗೆ ಒಂದು ಚೂರೂ ಬೇಸರವಿಲ್ಲ.

ನನ್ನ ಗಂಡ ಗಲ್ಫ್‌ನಲ್ಲಿದ್ದಾರೆ. ಮಿಜಾರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ, ಮನೆಯೂ ಅಲ್ಲೇ ಹತ್ತಿರ. ಕಾರು ನನ್ನ ಹೆಸರಿನಲ್ಲಿದೆ, ಓಡಿಸುವವಳೂ ನಾನೇ. ಆದರೆ ನಮ್ಮ ಕಡೆ ಗಂಡಸು ಊರಿನಲ್ಲಿಲ್ಲದ ಮನೆಯ ಕಾರನ್ನು ಮತ್ತೊಬ್ಬ ಗಂಡಸು ನೋಡಿಕೊಳ್ಳಬೇಕು ಎಂದು ಯಾರೂ ಹೇಳದೆಯೇ ಎಲ್ಲರೂ ನಂಬಿದ್ದಾರೆ. ಗಂಡ ವಿಮಾನ ಹತ್ತುವ ಮೊದಲು ಇನ್ನೊಂದು ಕೀಯನ್ನು ಬಂಟ್ವಾಳದಲ್ಲಿರುವ ಅಣ್ಣನ ಕೈಯಲ್ಲಿಟ್ಟು ಹೋಗಿದ್ದರು.

ಭಾವ ಸಿದ್ದಕಟ್ಟೆ ದಾರಿಯ ಬಸ್ಸು ಹಿಡಿದು ರಜಾದಿನಗಳಲ್ಲಿ ಬರುತ್ತಿದ್ದರು. ಚಪ್ಪಲಿ ಬಿಡುವ ಮೊದಲು ಕಾರಿಗೆ ಒಂದು ಸುತ್ತು ಬಂದು, ಮುಂದಿನ ಟೈರಿಗೆ ಕಾಲಿನಿಂದ ಒಂದು ಒದೆ ಕೊಡುವರು. ಆಮೇಲೆ ನಾಡಿ ಹಿಡಿದ ವೈದ್ಯರ ಹಾಗೆ ತಲೆ ಓರೆ ಮಾಡಿ ನಿಲ್ಲುವರು.

"ಗಾಳಿ ಇಲ್ಲ ಮಾರಾಯ್ತಿ. ಹೀಗೇ ಓಡಿಸಿದ್ರೆ ಎಲ್ಲಿಯಾದ್ರೂ ಪಲ್ಟಿ ಆಗ್ತದೆ. ಬಂಕಿಗೆ ಹೋಗಿ ಹಾಕಿಸಿ ತರ್ತೇನೆ."

ಪೆಟ್ರೋಲ್ ಬಂಕು ನಮ್ಮ ಗೇಟಿನಿಂದ ಕೂಗಿದರೆ ಕೇಳುವಷ್ಟು ದೂರ. ಬೆಳಿಗ್ಗೆ ಹೊರಟ ಭಾವ ಬರುವಾಗ ಸಂಜೆಯ ದೀಪ ಹಚ್ಚುವ ಹೊತ್ತು. ಹಿಂದಿನ ಸೀಟಿನಲ್ಲಿ ಬಾಡಿದ ಮಲ್ಲಿಗೆ, ಮದುವೆ ಮನೆಯಲ್ಲಿ ಕೊಡುವ ತಾಂಬೂಲದ ಚೀಲ, ಯಾರದೋ ಮಗುವಿನ ಒಂದು ಕಾಲುಚೀಲ. ಒಂದು ಟೈರಿನ ಗಾಳಿಗೆ ಎಷ್ಟೊಂದು ನೆಂಟರು! ಫೋನಿನಲ್ಲಿ ಗಂಡನಿಗೆ ಹೇಳಿದರೆ, "ಅಣ್ಣ ನೋಡ್ಕೊಳ್ತಾರಲ್ಲ, ನಿನಗೆ ಯಾಕೆ ತಲೆಬಿಸಿ" ಎನ್ನುತ್ತಿದ್ದರು. ನನಗೂ ಟೈರಿನ ವಿಷಯದಲ್ಲಿ ಹೆದರಿಕೆ ಇದ್ದದ್ದು ನಿಜ. ಹಾಗಾಗಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಅಮ್ಮ ಬಿದ್ದ ದಿನ ಆ ಸುಮ್ಮನಿರುವಿಕೆ ಮುಗಿಯಿತು. ಅಮ್ಮ ನಾರಾವಿಯಲ್ಲಿ ನನ್ನ ತಂಗಿಯ ಜೊತೆ ಇದ್ದಾರೆ. ಒಂದು ಭಾನುವಾರ ಮಧ್ಯಾಹ್ನ ತಂಗಿಯ ಫೋನು ಬಂತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮ ಜಾರಿ ಬಿದ್ದಿದ್ದಾರೆ, ಕಾಲು ಎತ್ತಲು ಆಗುತ್ತಿಲ್ಲ, ಬೇಗ ಕಾರು ತೆಗೆದುಕೊಂಡು ಬಾ ಎಂದಳು. ನಾನು ಅಂಗಳಕ್ಕೆ ಓಡಿದೆ. ಕಾರು ಇರಲಿಲ್ಲ, ಬೆಳಿಗ್ಗೆಯೇ ಗಾಳಿ ಹಾಕಿಸಲು ಒಯ್ದಿದ್ದ ಭಾವ ಇನ್ನೂ ಬಂದಿರಲಿಲ್ಲ.

ಫೋನು ಮಾಡಿದೆ. "ಇಲ್ಲೇ ಬಂಕಿನಲ್ಲಿದ್ದೇನೆ. ಕ್ಯೂ ಉಂಟು" ಎಂದರು. ಅವರ ಮಾತಿನ ಹಿಂದೆ ವಾಲಗ ಕೇಳಿಸುತ್ತಿತ್ತು. ನಾನು ವಿಷಯ ಹೇಳಿದೆ. "ಅಯ್ಯೋ, ಈಗ ಬಂದೆ" ಎಂದು ಇಟ್ಟರು. ಗೇಟಿನಲ್ಲಿ ನಿಂತು ನೋಡಿದೆ. ಬಂಕಿನ ಗಾಳಿ ಹಾಕುವ ಜಾಗ ಖಾಲಿಯಾಗಿತ್ತು. ಕಾದೆ, ಮತ್ತೆ ಫೋನು ಮಾಡಿದೆ, ಅವರು ಎತ್ತಲಿಲ್ಲ. ಕೊನೆಗೆ ಮೂಡುಬಿದಿರೆಗೆ ರಿಕ್ಷಾ, ಅಲ್ಲಿಂದ ಶಿರ್ತಾಡಿ ಮೂಲಕ ಹೋಗುವ ಬಸ್ಸು. ನಾನು ನಾರಾವಿ ಮುಟ್ಟುವಾಗ ಅಮ್ಮನನ್ನು ಅಡಿಕೆ ಸಾಗಿಸುವ ಪಿಕಪ್‌ನ ಹಿಂಬದಿಯಲ್ಲಿ ಗೋಣಿಯ ಮೇಲೆ ಮಲಗಿಸಿ ಬೆಳ್ತಂಗಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಗಿತ್ತು. ರಸ್ತೆಯ ಪ್ರತಿ ಹೊಂಡಕ್ಕೂ ಅಮ್ಮ ಕಿರುಚಿದರಂತೆ. ತಂಗಿ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಭಾವ ಮಾರನೇ ದಿನ ಆಸ್ಪತ್ರೆಗೆ ಕಿತ್ತಳೆ ಹಿಡಿದುಕೊಂಡು ಬಂದರು. "ಅಲ್ಲಿ ಏನು ಕ್ಯೂ ಗೊತ್ತುಂಟಾ" ಎಂದು ಅಮ್ಮನಿಗೇ ಹೇಳಿದರು. ಆಗ ನಿರ್ಧಾರ ಮಾಡಿದೆ. ಜಗಳ ಮಾಡುವುದಿಲ್ಲ. ಜಗಳದಲ್ಲಿ ಭಾವ ಪಳಗಿದವರು, ಕಣ್ಣೀರು ತಂದುಕೊಂಡು ನನ್ನನ್ನೇ ಕೆಟ್ಟವಳು ಮಾಡುತ್ತಾರೆ. ಕಾರು ಒಯ್ಯಲು ಅವರಿಗಿದ್ದದ್ದು ಒಂದೇ ನೆಪ. ಆ ನೆಪವನ್ನೇ ಕಿತ್ತುಕೊಳ್ಳಬೇಕು, ಅದೂ ಎಲ್ಲರ ಕಣ್ಣೆದುರು.

ಮೊದಲು ನಾನೇ ಬಂಕಿಗೆ ಹೋದೆ. ಡ್ರೈವರ್ ಬದಿಯ ಬಾಗಿಲು ತೆರೆದರೆ ಒಳಗಿನ ಕಂಬದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಯಾವ ಟೈರಿಗೆ ಎಷ್ಟು ಗಾಳಿ ಎಂದು. ನನ್ನ ಕಾರಿಗೆ ಮೂವತ್ತಮೂರು. ಬಂಕಿನವರು, "ನಾವು ಎಲ್ಲರಿಗೂ ಮೂವತ್ತೈದೇ ಹಾಕುದು ಮೇಡಂ" ಎಂದರು. ಅದು ಹೋಗಲಿ, ದೂರದಿಂದ ಓಡಿಸಿಕೊಂಡು ಬಂದ ಟೈರು ಬಿಸಿಯಾಗಿ ಲೆಕ್ಕ ಹೆಚ್ಚು ತೋರಿಸುತ್ತದೆ. ಸರಿಯಾದ ಲೆಕ್ಕ ಸಿಗುವುದು ಬೆಳಿಗ್ಗೆ, ಗಾಡಿ ಇನ್ನೂ ಅಲುಗಾಡದೆ ತಣ್ಣಗಿರುವಾಗ. ಅಂದರೆ ಮನೆಯ ಅಂಗಳದಲ್ಲಿ, ನೈಟಿಯಲ್ಲೇ ಮಾಡುವ ಕೆಲಸ. ನನಗೆ ಬೇಕಾದದ್ದೂ ಅದೇ. ಅಂಗಳ ದಾಟದೆ ಆಗುವ ಕೆಲಸಕ್ಕೆ ಭಾವ ಯಾರದೋ ಮದುವೆಗೆ ಹೋಗಬೇಕಾಗಿಲ್ಲ.

ಸಹೋದ್ಯೋಗಿಯೊಬ್ಬರು ಕಾಲಿನಲ್ಲಿ ತುಳಿಯುವ ಪಂಪು ಕೊಟ್ಟರು. ತುಳಿದೆ, ತುಳಿದೆ, ಪಂಪಿನ ಮುಳ್ಳು ನಡುಗಿತೇ ಹೊರತು ಮೇಲೇರಲಿಲ್ಲ. ಮುಂದಿನ ಒಂದು ಟೈರು ಮುಗಿಯುವಾಗ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಪಂಪು ಕೆಟ್ಟದ್ದಲ್ಲ, ಕರೆಂಟು ಬೇಡ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಭಾವನ ಎದುರು ಏದುಸಿರು ಬಿಟ್ಟರೆ, "ನಿನ್ನಿಂದ ಆಗುದಿಲ್ಲ, ಕೊಡು" ಎನ್ನುತ್ತಾರೆ. ಬೆವರು ಒರೆಸಿಕೊಳ್ಳುತ್ತ ಸೇಡು ತೀರಿಸಿಕೊಳ್ಳುವುದು ಚೆಂದವಲ್ಲ. ಪಂಕ್ಚರ್ ಅಂಗಡಿಯ ದೊಡ್ಡ ಕಂಪ್ರೆಸರಿನ ಆಲೋಚನೆಯೂ ಬಂದಿತ್ತು, ಒಂದು ಕಾರಿಗೆ ಅದು ಅತಿಯಾಯಿತು. ಚಾರ್ಜ್ ಮಾಡಿ ಇಡುವ ಪಂಪುಗಳೂ ಇವೆ. ನಾನು ಮೊಬೈಲನ್ನೇ ಚಾರ್ಜಿಗೆ ಹಾಕಲು ಮರೆಯುವವಳು. ಕೊನೆಗೆ ಕಾರಿನ ಒಳಗೆ ಗೇರಿನ ಹತ್ತಿರ ಇರುವ ತೂತಿಗೆ ವಯರು ಸಿಕ್ಕಿಸಿ ನಡೆಸುವ ಪಂಪು ಆರಿಸಿದೆ. ಮೂವತ್ತಮೂರು ಎಂದು ಒತ್ತಿದರೆ ಅಷ್ಟಕ್ಕೆ ತಾನೇ ನಿಲ್ಲುತ್ತದೆ. ಜೊತೆಗೆ ಪ್ರೆಶರ್ ನೋಡುವ ಸಣ್ಣ ಗೇಜನ್ನೂ ಬೇರೆಯಾಗಿ ಕೊಂಡೆ. ಪಂಪು ಹೇಳುವುದೂ ಗೇಜು ಹೇಳುವುದೂ ಒಂದೇ ಆದರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಪಂಪು ಬಂದ ಮರುದಿನ ಬೆಳಿಗ್ಗೆ ಅಳೆಯಲು ಕುಳಿತೆ. ಭಾವ ಹಿಂದಿನ ವಾರವಷ್ಟೇ 'ಗಾಳಿ ಹಾಕಿಸಿ' ತಂದಿದ್ದ ಕಾರು. ನಾನು ಆಮೇಲೆ ಬಂಕಿನಲ್ಲಿ ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದ್ದೆ. ಹಿಂದಿನ ಟೈರುಗಳ ವಾಲ್ವಿನ ಮುಚ್ಚಳ ತಿರುಗಲೇ ಇಲ್ಲ. ಮಳೆಗಾಲದ ಕೆಸರು ಒಣಗಿ ಅಂಟಿಕೊಂಡಿತ್ತು. ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕಾಯಿತು. ಒಳಗೆ ಗಾಳಿ ಇಪ್ಪತ್ತೂ ಇರಲಿಲ್ಲ. ಆ ಮುಚ್ಚಳವನ್ನು ತಿಂಗಳುಗಟ್ಟಲೆ ಯಾರೂ ಮುಟ್ಟಿಲ್ಲ. ಪಲ್ಟಿಯಾಗುತ್ತದೆ ಎಂದು ನನ್ನನ್ನು ಹೆದರಿಸಿದ ಮನುಷ್ಯ, ಪಲ್ಟಿಯಾಗುವ ಕಾರನ್ನೇ ನನಗೆ ಬಿಟ್ಟು ಬಸ್ಸು ಹತ್ತಿ ಹೋಗುತ್ತಿದ್ದರು. ನಾಲ್ಕೂ ಟೈರನ್ನು ಮೂವತ್ತಮೂರಕ್ಕೆ ತಂದೆ. ಸಿಟ್ಟಿನ ಜೊತೆಗೆ ಸಂತೋಷವೂ ಆಯಿತು ಎಂದರೆ ಸುಳ್ಳಲ್ಲ.

ಜಾಗವನ್ನೂ ಆರಿಸಿಕೊಂಡೆ. ಬಂಟ್ವಾಳದ ಮನೆಯಲ್ಲಿ ಕುಟುಂಬದವರೆಲ್ಲ ಸೇರುವ ಹೊಸ ಅಕ್ಕಿ ಊಟ ಇತ್ತು. ನಮ್ಮಲ್ಲಿ ತಾಯಿಯ ಮನೆ ಹೆಣ್ಣುಮಕ್ಕಳದ್ದು, ಗಂಡಸು ಅಲ್ಲಿ ಯಜಮಾನನಾಗಿ ಇರುತ್ತಾನೆ ಅಷ್ಟೆ. ಭಾವ ಯಜಮಾನ, ಮನೆ ಅವರ ಅಕ್ಕತಂಗಿಯರದ್ದು. ಎಲ್ಲರಿಗಿಂತ ಹಿರಿಯ ಅಕ್ಕ, ಅಂದರೆ ನನ್ನ ದೊಡ್ಡ ಅತ್ತಿಗೆಯ ಎದುರು ಭಾವನ ಧ್ವನಿ ಎರಡು ಮೆಟ್ಟಿಲು ಇಳಿಯುತ್ತದೆ. ಆ ಅಂಗಳಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಊಟವಾಗಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ನಾನು ಹೊರಡಲು ಎದ್ದದ್ದೇ ತಡ, ಭಾವ ಅಂಗಳಕ್ಕಿಳಿದು ಟೈರಿಗೆ ಕಾಲಿನಿಂದ ಒದ್ದರು.

"ಗಾಳಿ ಇಲ್ಲ ಮಾರಾಯ್ತಿ. ಸ್ವಲ್ಪ ನಿಲ್ಲು, ಹಾಕಿಸಿ ತರ್ತೇನೆ."

ನಾನು ಡಿಕ್ಕಿಯಿಂದ ಗೇಜು ತೆಗೆದು ಅವರ ಕೈಗೆ ಕೊಟ್ಟೆ. "ನೀವೇ ಇಟ್ಟು ನೋಡಿ ಭಾವ. ಎಲ್ಲರಿಗೂ ಕೇಳುವ ಹಾಗೆ ಓದಿ."

ಅವರಿಗೆ ಅದನ್ನು ಹಿಡಿಯುವುದು ಯಾವ ಬದಿಯಿಂದ ಎಂದೇ ಗೊತ್ತಾಗಲಿಲ್ಲ. ನಾನೇ ಇಟ್ಟೆ. ನಾಲ್ಕಕ್ಕೂ ಇಟ್ಟು, ನಾಲ್ಕರ ಲೆಕ್ಕವನ್ನೂ ಅವರಿಂದಲೇ ಓದಿಸಿದೆ. ಮೂವತ್ತಮೂರು, ಮೂವತ್ತಮೂರು. ಜಗಲಿಯಲ್ಲಿ ಯಾರೋ ನಕ್ಕರು. ಆಮೇಲೆ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದೆಸಿ ಇಟ್ಟಿದ್ದ ಭಾವನ ಸ್ವಂತ ಕಾರಿನ ಹತ್ತಿರ ಹೋದೆ. ಪೆಟ್ರೋಲು ಖರ್ಚೆಂದು ಅವರು ಅದನ್ನು ಹೊರಗೇ ತೆಗೆಯುತ್ತಿರಲಿಲ್ಲ. ಟೈರುಗಳು ನೆಲಕ್ಕೆ ಅಂಟಿ ಕುಳಿತಿದ್ದವು.

"ಇದಕ್ಕೆ ಯಾವ ಬಂಕಿನಲ್ಲಿ ಹಾಕಿಸುದು ಭಾವ?" ಎಂದೆ. ಈ ಸಲ ಎಲ್ಲರೂ ನಕ್ಕರು.

ನಗು ಮುಗಿಯುವವರೆಗೆ ಕಾದೆ. "ಅಮ್ಮ ಬಿದ್ದ ದಿನ ಯಾವ ಬಂಕಿನಲ್ಲಿ ಕ್ಯೂ ಇತ್ತು? ಅಲ್ಲಿ ವಾಲಗವೂ ಇತ್ತಲ್ಲ."

ಭಾವ ಟಾರ್ಪಾಲಿನ ಅಂಚನ್ನು ಸರಿ ಮಾಡಲು ಹೋದರು. ದೊಡ್ಡ ಅತ್ತಿಗೆ ಜಗಲಿಯಿಂದಲೇ, "ನೀನು ಎಲ್ಲಿ ಇದ್ದೆ ಅವತ್ತು?" ಎಂದು ಕೇಳಿದರು.

"ಮದುವೆ ಇತ್ತು ಅಕ್ಕ. ಊಟಕ್ಕೆ ಕೂತು ಆಗಿತ್ತು."

"ಕೀ ಅವಳಿಗೆ ಕೊಡು."

ಭಾವನ ಕೀಗೊಂಚಲಿನ ರಿಂಗು ಗಟ್ಟಿಯಾಗಿತ್ತು. ಉಗುರಿನಿಂದ ಎಬ್ಬಿಸಲು ನೋಡಿದರು, ಜಾರಿತು, ಮತ್ತೆ ನೋಡಿದರು. ಹತ್ತಿರ ಯಾರೂ ಹೋಗಲಿಲ್ಲ. ನಾನು ಕೈ ಚಾಚಿ ನಿಂತಿದ್ದೆ, ಕೈ ನೋಯುವವರೆಗೂ ಇಳಿಸಲಿಲ್ಲ.

ಮುಂದಿನ ವಾರ ಅಮ್ಮನನ್ನು ಕಾಲು ತೋರಿಸಲು ಬೆಳ್ತಂಗಡಿಗೆ ಕರೆದುಕೊಂಡು ಹೋದೆ. ಅಮ್ಮ ಯಾರ ಮೇಲೂ ದ್ವೇಷ ಇಟ್ಟುಕೊಳ್ಳದವರು ಎಂದು ಊರಿನಲ್ಲಿ ಹೆಸರು. ಅಳದಂಗಡಿ ದಾಟುವಾಗ, "ನಿನ್ನ ಭಾವನಿಗೆ ಏನೂ ಹೇಳ್ಲಿಕ್ಕೆ ಹೋಗ್ಬೇಡ, ಪಾಪ" ಎಂದರು.

"ಹೇಳಿ ಆಯ್ತು ಅಮ್ಮ. ಎಲ್ಲರ ಎದುರು."

ನಾನು ನಡೆದದ್ದೆಲ್ಲ ಹೇಳಿದೆ, ಬೈಗುಳಕ್ಕೆ ಸಿದ್ಧಳಾಗಿಯೇ ಹೇಳಿದೆ. ಅಮ್ಮ ಹೊರಗೆ ನೋಡುತ್ತ ಕುಳಿತಿದ್ದರು. "ಆ ಪಿಕಪ್ಪಿನಲ್ಲಿ ಮಲಗಿದ್ದಾಗ ನಾನು ಅವನಿಗೆ ಎಂಥೆಂಥ ಶಾಪ ಹಾಕಿದ್ದೇನೆ ಅಂತ ದೇವರಿಗೇ ಗೊತ್ತು" ಎಂದರು. ಆಮೇಲೆ ಸೀಟಿನಲ್ಲಿ ನನ್ನ ಕಡೆಗೆ ತಿರುಗಿ ಕುಳಿತರು.

"ಕೀ ತೆಗೆಯುವಾಗ ಅವನ ಮುಖ ಹೇಗಿತ್ತು? ಅದೊಂದು ಸರಿಯಾಗಿ ಹೇಳು."