ಅವನಿಗಾಗಿ ನಿಂತ ಮಗ್ಗ

ಚಿಕ್ಕಂದಿನಲ್ಲಿ ಬನಹಟ್ಟಿಯ ನಮ್ಮ ಓಣಿಯ ನಾಟಕಗಳಲ್ಲಿ ನಾನೇ ರಾಜ, ನನ್ನ ಗೆಳೆಯ ಭರ್ಜಿ ಹಿಡಿದ ದ್ವಾರಪಾಲಕ. ಮುಂದೆ ಅವನು ಸಿನಿಮಾಗಳಲ್ಲಿ ನಟಿಸಿದ, ನಿರ್ಮಾಪಕನೂ ಆದ. ಹೊಟ್ಟೆ ಉರಿಯಿತು, ಸಹಿಸಿಕೊಂಡೆ. ಈಗ ನೇಕಾರರ ಕಥೆಗಳನ್ನು ಅವರಿಂದಲೇ ಹೇಳಿಸಿ ರಂಗಕ್ಕೆ ತರುತ್ತೇನೆಂದು ಮನೆಮನೆ ತಿರುಗುತ್ತಾನೆ. ಕಿವಿಯ ಹಿಂದೆ ಅಂಗೈ ಇಟ್ಟು ಒಂದೇ ಮಾತು: "ಹೇಳ್ರಿ, ಕೇಳಾಕತ್ತೇನಿ."

ಮೊನ್ನೆ ನಮ್ಮ ಮನೆಗೂ ಬಂದ. ನಾನು ನಟನೆಗೆ ಮೊದಲ ಬಹುಮಾನ ತಂದ ದಿನವೂ ಅವ್ವ ಮಗ್ಗ ನಿಲ್ಲಿಸಿರಲಿಲ್ಲ. ಅದರ ಸದ್ದಿನೊಳಗೇ "ಛಲೋ ಆತು" ಎಂದು ಕೂಗಿದ್ದಳು. ಇವನು ಕಿವಿಗೆ ಕೈಯಿಟ್ಟದ್ದೇ ತಡ, ಮಗ್ಗ ಬಂದ್ ಮಾಡಿದಳು.

"ಸಣ್ಣಾಕಿ ಇದ್ದಾಗ ನಾನೂ ಹಾಡತಿದ್ನಪಾ," ಎಂದಳು. ನನಗದು ಗೊತ್ತೇ ಇರಲಿಲ್ಲ. ಕೇಳಲು ನಾನೂ ಕೂರಬೇಕೆನ್ನುವಷ್ಟರಲ್ಲಿ ನನ್ನತ್ತ ತಿರುಗಿದಳು.

"ನನಗ ನಾಚಿಕಿ ಬರತೈತಿ. ನೀ ಬಾಗಲಾಗ ನಿಂದ್ರು, ಯಾರನ್ನೂ ಒಳಗ ಬಿಡಬ್ಯಾಡ."