ದೊಡ್ಡ ಮೇಸ್ತ್ರಿ ಹೊದಿಸಿದ ಚಾವಣಿ

ಹೆಂಚು ಹೊದಿಸುವವರ ಸಂಘದ ಸ್ವಂತ ಕಟ್ಟಡವೇ ಸೋರುತ್ತಿತ್ತು. ಊರವರ ತಲೆ ನೆನೆಯದಂತೆ ಕಾಯುವ ಜನ ತಮ್ಮ ಸಭೆಯಲ್ಲಿ ಬಕೆಟ್ ಇಟ್ಟುಕೊಂಡು ಕೂರುತ್ತಿದ್ದರು. ಹನಿ ಬೀಳುವ ಸದ್ದು ಎಲ್ಲರಿಗೂ ಕೇಳುತ್ತಿತ್ತು, ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಕಾರಣ ಇಷ್ಟೇ: ಅದು ಸಂಘವನ್ನು ಕಟ್ಟಿದ ದೊಡ್ಡ ಮೇಸ್ತ್ರಿ ಕೈಯಾರೆ ಹೊದಿಸಿದ ಕೊನೆಯ ಚಾವಣಿ.

ಅವರು ತೀರಿಕೊಂಡ ಮೇಲೆ ಸಂಘದವರು ಆ ಜಾಗಕ್ಕೆ ಅವರ ತಮ್ಮನನ್ನು ತಂದು ಕೂರಿಸಿದ್ದರು. ಕೂದಲು ಬೆಳ್ಳಗಾಗಿ, ಮಂಡಿ ಸವೆದು, ಮೊಮ್ಮಕ್ಕಳನ್ನು ಕಂಡಿದ್ದರೂ ಅವನು ಎಲ್ಲರ ಬಾಯಲ್ಲಿ ಚಿಕ್ಕ ಮೇಸ್ತ್ರಿಯೇ. ಈ ಹಿರಿತನ ಅವನಿಗೆ ಬೇಕಿರಲಿಲ್ಲ. ಬೇಡವೆಂದು ವಾದಿಸುವ ತ್ರಾಣವೂ ಇರಲಿಲ್ಲ.

ಅಣ್ಣನ ನೆನಪಿಗೆ ಸಭೆ ನಿಗದಿಯಾಯಿತು. ದೊಡ್ಡ ಮೇಸ್ತ್ರಿಯ ಬಗ್ಗೆ ಹೇಳಲು ಜನಕ್ಕೆ ಮಾತಿನ ಬರವಿರಲಿಲ್ಲ. ಬೆಳಿಗ್ಗೆ ಏಣಿ ಹಾಕುವ ಮುನ್ನ ಅವರು ಒಬ್ಬೊಬ್ಬನನ್ನೂ ನಿಲ್ಲಿಸಿ ಕೇಳುತ್ತಿದ್ದರು: "ಮನೇಲಿ ಜಗಳ ಆಡ್ಕೊಂಡು ಬಂದಿದ್ದೀಯೇನೋ?" ಹೌದೆಂದವನು ಆ ದಿನ ಕೆಳಗೆ ನಿಂತು ಹೆಂಚು ಎತ್ತಿಕೊಡಬೇಕು. ಸಿಟ್ಟಿನಲ್ಲಿರುವವನು ಕಾಲಿಡುವ ಜಾಗ ನೋಡುವುದಿಲ್ಲ ಎಂಬುದು ಅವರ ಲೆಕ್ಕ. ಮೇಲೆ ಹತ್ತಲು ಬೇಜಾರಾದಾಗ ಇಲ್ಲದ ಜಗಳ ಹುಟ್ಟಿಸಿಕೊಂಡು ಬರುವವರೂ ಇದ್ದರು. ಅದು ಗೊತ್ತಿದ್ದೂ ಅವರು ಸುಮ್ಮನಿರುತ್ತಿದ್ದರು. ಅವರ ಕಾಲದಲ್ಲಿ ಯಾರೂ ಬಿದ್ದು ಸಾಯಲಿಲ್ಲ. ಬಿರುಗಾಳಿಗೆ ಬೀದಿಯ ಹೆಂಚೆಲ್ಲ ಹಾರಿದಾಗ ಯಾರ ಮನೆ ಮೊದಲು ಎಂಬ ತಕರಾರನ್ನು ಅವರು ಸಂಘದ ಬಾಗಿಲಲ್ಲೇ ಮುಗಿಸುತ್ತಿದ್ದರು. ಕೂಸಿರುವ ಮನೆ ಮೊದಲು, ಸಾಹುಕಾರರದು ಕೊನೆಗೆ.

ಸಭೆ ಹತ್ತಿರ ಬಂದಾಗ ಬಡಗಿ ಬಂದು ಒಳಗಿನ ತೊಲೆ ನೋಡಿ ಮುಖ ಸಿಂಡರಿಸಿದ.

"ಚಿಕ್ಕ ಮೇಸ್ತ್ರಿ, ಇದು ಕೊಳೆತಿದೆ. ಉಗುರು ಒತ್ತಿದ್ರೆ ಒಳಗೆ ಹೋಗುತ್ತೆ. ಜನ ಕೂತಿರೋವಾಗ ಬಿದ್ರೆ?"

"ನಾನು ಹೆಂಚು ಕಿತ್ರೆ, ಅಣ್ಣ ಸಾಯೋದನ್ನೇ ಕಾಯ್ತಿದ್ದ ಅಂತಾರೆ."

"ಅನ್ನಲಿ ಬಿಡು. ತೊಲೆ ಬಿದ್ಮೇಲೆ ಅನ್ನೋಕೆ ತಲೆ ಇರಬೇಕಲ್ಲ!"

ಮರುದಿನ ಅವನು ಏಣಿ ಹಾಕಿದಾಗ ಸಂಘದವರು ಅಂಗಳದಲ್ಲಿ ಸೇರಿದರು. ಏಣಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಹಳೆಯ ಜೊತೆಗಾರನಾದ ಕಾರ್ಯದರ್ಶಿ ಕೈಕಟ್ಟಿಕೊಂಡು, "ದೊಡ್ಡ ಮೇಸ್ತ್ರಿ ಕೆಲಸಕ್ಕೆ ಕೈ ಹಾಕೋ ಅಷ್ಟು ದೊಡ್ಡವನಾದ್ಯಾ?" ಎಂದ.

ಚಿಕ್ಕ ಮೇಸ್ತ್ರಿ ಮಂಡಿ ಹಿಡಿದುಕೊಂಡು, ನಿಂತು ನಿಂತು ಹತ್ತಿದ.

ಎರಡು ಇಳಿಜಾರು ಕೂಡುವ ಕಡೆ ಹೆಂಚು ಸರಿಸಿದ. ಅಡಿಯಲ್ಲಿ ನೀರು ಹರಿಯಲೆಂದು ಹಾಸಿದ ತಗಡಿನ ಒಂದು ಜೋಡಣೆ ತಿರುಗುಮುರುಗಾಗಿತ್ತು. ಮೇಲಿನ ತುಂಡಿನ ಅಂಚು ಕೆಳಗಿನದರ ಮೇಲೆ ಬರಬೇಕು. ಇಲ್ಲಿ ಕೆಳಗಿನದೇ ಮೇಲೆ ಕೂತು ನೀರನ್ನು ನೇರ ತೊಲೆಗೆ ಬಿಡುತ್ತಿತ್ತು. ಕೆಲಸ ಕಲಿಯುವವರು ಮಾಡುವ ತಪ್ಪು. ಇಂಥದ್ದಕ್ಕೇ ಅಣ್ಣ ಒಮ್ಮೆ ಎಲ್ಲರೆದುರು ಅವನ ಮಾನ ಕಳೆದಿದ್ದ.

ಅವನು ಅಲ್ಲೇ ಕೂತ. ತಗಡು ಗಾಳಿಗೆ ಕಿತ್ತುಹೋಗಿದೆ ಎಂದುಬಿಡಬಹುದಿತ್ತು. ಹತ್ತಿ ನೋಡುವವರು ಯಾರೂ ಇರಲಿಲ್ಲ. ಹಾಗೆಂದರೆ ಅಣ್ಣನ ಹೆಸರೂ ಉಳಿಯುತ್ತಿತ್ತು, ತನ್ನದೂ. ಆದರೆ ಸೋರಿಕೆ ಕಾಣದಂತೆ ಇದ್ದದ್ದರ ಮೇಲೆ ಇನ್ನೊಂದು ಸುಳ್ಳನ್ನು ಹೊತ್ತು ಇಳಿಯುವ ಶಕ್ತಿ ಅವನಲ್ಲಿರಲಿಲ್ಲ.

"ಏನಾಗಿದೆಯೋ?" ಕಾರ್ಯದರ್ಶಿ ಕೂಗಿದ.

"ತಗಡು ಉಲ್ಟಾ ಹಾಕಿದ್ದಾನೆ. ಅಣ್ಣಂದೇ ತಪ್ಪು."

ಅಂಗಳದಲ್ಲಿ ಗುಸುಗುಸು ಎದ್ದಿತು. ಆಗ ಗೇಟಿನ ಬಳಿ ನಿಂತಿದ್ದ ದೊಡ್ಡ ಮೇಸ್ತ್ರಿಯ ಹೆಂಡತಿ ಮುಂದೆ ಬಂದರು.

"ಅವರಿಗೆ ಗೊತ್ತಿತ್ತು," ಎಂದರು. "ಮೊದಲನೇ ಮಳೆಗೇ ಗೊತ್ತಾಯ್ತು. ಅಷ್ಟರಲ್ಲಿ ಕಾಲು ಸ್ವಾಧೀನ ತಪ್ಪಿತ್ತು, ಹತ್ತೋಕೆ ಆಗ್ತಿರಲಿಲ್ಲ. ಬಾಯಿಬಿಟ್ಟು ಹೇಳೋಕೆ ಜಂಬ ಬಿಡಲಿಲ್ಲ. ನಿಮ್ಮಲ್ಲಿ ಒಬ್ಬರಾದ್ರೂ ಬಂದು, ಮೇಸ್ತ್ರಿ, ಸೋರ್ತಿದೆ ಅಂದಿದ್ರೆ ಸಾಕಿತ್ತು. ಎಲ್ಲರೂ ಬಂದು ಕೈ ಮುಗಿದು ಹೋದ್ರಿ."

"ಅತ್ತಿಗೆ, ನನಗಾದ್ರೂ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ಅವನು ಕೇಳಿರಲಿಲ್ಲ.

"ಹೊಸ ತಗಡು ಕಳಿಸಿ, ತೊಲೆಗೆ ಬಡಗೀನ ಕರೀರಿ," ಎಂದು ಕೆಳಗಿನವರಿಗೆ ಹೇಳಿದ. "ಸಭೇಲಿ ಇದನ್ನೂ ಹೇಳ್ತೀನಿ."

"ಇದನ್ನೂನಾ?" ಕಾರ್ಯದರ್ಶಿಯ ದನಿ ಇಳಿದಿತ್ತು.

"ಇದನ್ನೂ."

ಬಹಳ ಹೊತ್ತಿನ ಮೇಲೆ ತಗಡು ಮೇಲೆ ಬಂತು. ಎತ್ತಿಕೊಟ್ಟವರು ಯಾರೆಂದು ಅವನು ಬಗ್ಗಿ ನೋಡಲಿಲ್ಲ. ಬಗ್ಗಿದರೆ ಏಳುವುದು ಕಷ್ಟವಿತ್ತು.